ನೀಲಿ ಹೂವಿನ ಜಾಹೀರಾತು ಚೀಟಿ

ಬಾಸ್ಟನ್ನಿನ ಮುದ್ರಣಾಲಯವೊಂದರ ಮಹಡಿಯಲ್ಲಿ ಚಿತ್ರಗಾರ ಲೆಮ್ಯುಯೆಲ್ ಥ್ಯಾಕರ್ ತಲೆಯೊಡೆದು ಸತ್ತು ಬಿದ್ದಿದ್ದ. ಮೇಜಿನ ಮೇಲೆ, ಚಿತ್ರ ಬರೆದು ಕಾಗದಕ್ಕೆ ಒತ್ತುವ ಅಚ್ಚುಕಲ್ಲಿನಲ್ಲಿ, ಕೋಲಿಗೆ ಹಬ್ಬಿದ ನೀಲಿ ಹೂಬಳ್ಳಿಯ ಚಿತ್ರ ಪೂರ್ತಿಯಾಗಿತ್ತು. ಅದು ಔಷಧದಂಗಡಿಗಳಲ್ಲಿ ಹಂಚುವ ಬಣ್ಣದ ಜಾಹೀರಾತು ಚೀಟಿಗಾಗಿ ಬರೆದದ್ದು.

ಕೆಳಗೆ ಸಂಜೆವರೆಗೂ ಕೆಲಸದಲ್ಲಿದ್ದ ಅಚ್ಚಿನಾಳು ಗುಸ್ತಾವ್‌ನನ್ನು ಪೊಲೀಸರು ಹಿಡಿದರು. ಅವನು ಕೊಂದವನಲ್ಲವೆಂದು ನಂಬಿದ್ದ ಥ್ಯಾಕರನ ಮಗಳು ಟ್ಯಾಮ್ಸಿನ್, ಹಲ್ಡಾ ವಿಂಗೇಟಳನ್ನು ಹುಡುಕಿಕೊಂಡು ಬಂದದ್ದು ಅದಕ್ಕೇ. ಹಲ್ಡಾ ಇಂಥ ಗಂಟುಗಳನ್ನು ಬಿಡಿಸುವುದನ್ನು ಅವಳ ಬಾಡಿಗೆದಾರನಾದ ನಾನು ಬಹಳ ಕಾಲದಿಂದ ನೋಡಿದ್ದೆ.

"ಅಳು ನಿಲ್ಲಿಸೋ ಅಫೀಮಿನ ಸಿರಪ್ ಕುಡಿಸಿ ನನ್ನ ಕೂಸು ಹೋಯ್ತು, ಮಿಸೆಸ್ ವಿಂಗೇಟ್," ಎಂದಳು ಟ್ಯಾಮ್ಸಿನ್. "ಅದರ ಚೀಟಿಗೆ ಹೂವು ಬರೀತಿದ್ದೋರು ಅಪ್ಪಾನೇ. ಇನ್ನು ಬರೆಯಲ್ಲ, ಪತ್ರಿಕೆಯವರಿಗೂ ಹೇಳ್ತೀನಿ ಅಂದಿದ್ರು."

ಮುದ್ರಣಾಲಯದ ಮಾಲೀಕ ಓರಿನ್ ಪೆಲ್ ಹೇಳಿದ್ದು ಬೇರೆ. "ಬೆಳಗ್ಗೆ ಮಾತಾಡಿ ಒಪ್ಪಿಸ್ದೆ. ಕಲ್ಲು ಆಗ ಖಾಲಿ ಇತ್ತು. ಮಧ್ಯಾಹ್ನದ ರೈಲಿಗೆ ನಾನು ಪ್ರಾವಿಡೆನ್ಸ್‌ಗೆ ಹೋದೆ." ಕಲ್ಲಿನ ಮೇಲೆ ಅಂಥ ಚಿತ್ರ ಬರೆಯುವುದು ಇಡೀ ದಿನದ ಕೆಲಸ. ಹಾಗಾಗಿ ಥ್ಯಾಕರ್ ಸಂಜೆವರೆಗೆ ಬದುಕಿದ್ದನೆಂದು ಎಲ್ಲರೂ ನಂಬಿದ್ದರು.

ಲಾಕಪ್ಪಿನಲ್ಲಿ ಗುಸ್ತಾವ್ ಗೊಣಗಿದ. "ಥ್ಯಾಕರ್ ಬರೆಯೋವಾಗ ಅವರ ಬಾಗಿಲು ಯಾರೂ ತಟ್ಟಲ್ಲ. ನಾನು ಮೇಲೆ ಹೋದದ್ದು ಬೆಳಗ್ಗೆ ಪೆಲ್ ಸಾಹೇಬರ ಚೀಲ ಮೇಲಕ್ಕೆ ಹೊತ್ತಾಗ ಮಾತ್ರ. ಊರಿಗೆ ಹೋಗೋಕೆ ಎರಡು ಅಂಗಿ ಅಂದ್ರು, ಅದಕ್ಕೆ ಅಷ್ಟು ಭಾರಾನ? ಸೊಂಟ ಬಿದ್ದೋಯ್ತು."

ಹಲ್ಡಾ ಆ ಕಲ್ಲಿನಿಂದ ಒಂದು ಪ್ರತಿ ತೆಗೆಸಿ, ಥ್ಯಾಕರನ ಹಳೆಯ ಚೀಟಿಗಳ ಪಕ್ಕದಲ್ಲಿಟ್ಟು ನೋಡಿದಳು. ಮರುದಿನ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದಳು.

"ಈ ಬಳ್ಳಿ ಎಲ್ಲೇ ಬೆಳೀಲಿ, ಕೋಲಿನ ಮೇಲೆ ಎಡದಿಂದ ಬಲಕ್ಕೆ ಏರುತ್ತೆ. ಕಲ್ಲಿನ ಚಿತ್ರ ಕಾಗದದ ಮೇಲೆ ತಿರುವುಮುರುವಾಗಿ ಮೂಡುತ್ತೆ ಅಂತ ಥ್ಯಾಕರ್ ಯಾವಾಗಲೂ ಉಲ್ಟಾ ಬರೀತಿದ್ರು. ಅವರ ಹಳೇ ಚೀಟಿಗಳಲ್ಲಿ ಬಳ್ಳಿ ಸರಿಯಾಗಿದೆ. ಇದರಲ್ಲಿ ಬಲದಿಂದ ಎಡಕ್ಕೆ ಏರಿದೆ. ಇದು ಅವರ ಕೈಯಲ್ಲ. ಅವರ ಹಳೇ ಚೀಟಿ ನೋಡಿ ಯಾರೋ ತಿರುಗಿಸದೆ ಹಾಗೇ ಕಲ್ಲಿಗೆ ಇಳಿಸಿದ್ದಾರೆ."

"ಹೂವಿಗೇನ್ರೀ ಎಡ ಬಲ?" ಎಂದ ಪೆಲ್.

"ಅಕ್ಷರ ಇದ್ದಿದ್ರೆ ನೀವೂ ತಿರುಗಿಸಿ ಬರೀತಿದ್ರಿ. ಬರೆದ ಕಲ್ಲನ್ನ ಮನೆಯಿಂದಲೇ, ಗುಸ್ತಾವ್ ಹೊತ್ತ ಆ ಭಾರದ ಚೀಲದಲ್ಲಿ ತಂದ್ರಿ. ಥ್ಯಾಕರ್ ಒಪ್ಪಲಿಲ್ಲ. ಬೆಳಗ್ಗೇನೇ ಕೊಂದು, ಅವರು ಸಂಜೆವರೆಗೂ ಬದುಕಿದ್ರು ಅನ್ನಿಸೋಕೆ ಇದನ್ನಿಟ್ಟು, ಖಾಲಿ ಕಲ್ಲನ್ನ ಒಯ್ದ್ರಿ. ಅವರು ಬಾಯಿ ಬಿಟ್ಟಿದ್ರೆ ಸಿರಪ್ ಕಂಪನಿ ನಿಮ್ಮ ಕೈ ಬಿಡ್ತಿತ್ತು."

ಪೆಲ್ ಆ ಪ್ರತಿಯನ್ನು ಮಗುಚಿಟ್ಟ. "ಎಷ್ಟು ಬೇಡಿಕೊಂಡೆ," ಎಂದ, ತನಗೇ ಎಂಬಂತೆ.

ಇನ್‌ಸ್ಪೆಕ್ಟರ್ ಡನ್‌ಫಿ ಅವನಿಗೆ ಕೋಳ ಹಾಕುವಾಗ ಟ್ಯಾಮ್ಸಿನ್ ಎದ್ದು ನಿಂತಳು.

"ಇದು ಅಪ್ಪನ ಕೊಲೆಗೆ. ನನ್ನ ಕೂಸಿನದಕ್ಕೆ ಯಾರನ್ನ ಹಿಡೀತೀರಿ?"

"ಆ ಸಿರಪ್ ಮಾರೋದು ಅಪರಾಧ ಅಲ್ಲಮ್ಮ," ಎಂದ ಡನ್‌ಫಿ, ಅವಳ ಮುಖ ನೋಡದೆ.