ಬೆಟ್ಟದ ಮೇಲೆ ಕುಡಿದ ಕೋಲಾ

ಸಬೀನ ಬಾಗಿಲು ತಟ್ಟಿದಾಗ ಮೋಹನದಾಸರು ಆಗಷ್ಟೇ ಸೋಫಾದ ಮೇಲೆ ಕಾಲು ಚಾಚಿದ್ದರು. ಭಾನುವಾರದ ನಿದ್ದೆ ಖಲಾಸ್ ಎಂದು ಅವರಿಗೆ ಆಗಲೇ ತಿಳಿಯಿತು. ಹೆಂಡತಿ ಚಂದ್ರಮತಿ ಶಾಲೆಯಿಂದ ನಿವೃತ್ತಳಾದ ಮೇಲೆ ಬರ್ ದುಬೈಯ ಕನ್ನಡಿಗರ ತಲೆನೋವುಗಳೆಲ್ಲ ಇದೇ ಮನೆಗೆ ಬರುತ್ತಿದ್ದವು. ಬಿಡಿಸುವವಳು ಅವಳು, ಕಾರು ಓಡಿಸಿ ಸುಸ್ತಾಗುವವರು ಇವರು.

"ಟೀಚರ್, ಅಬ್ದುಸ್ಸಲಾಮ್ ಸಾಹೇಬ್ರು ನಾಳೆ ನನ್ ಮೇಲೆ ಕೇಸ್ ಹಾಕ್ತಾರಂತೆ. ಲೈಸೆನ್ಸ್ ಹೋದ್ರೆ ವೀಸಾನೂ ಹೋಯ್ತು," ಎಂದು ಸಬೀನ ಅತ್ತಳು.

ಅವಳು ಔಷಧಿ ಅಂಗಡಿಯ ಫಾರ್ಮಸಿಸ್ಟ್. ಭಟ್ಕಳದ ಬಟ್ಟೆ ವ್ಯಾಪಾರಿ ಅಬ್ದುಸ್ಸಲಾಮರ ಮಗ ಫರಾಝ್ ನೇಪಾಳದ ಬೆಟ್ಟ ಹತ್ತಲು ಹೋಗಿ, ಎತ್ತರ ಒಗ್ಗದೆ, ಮಿದುಳು ಊದಿ ತೀರಿಕೊಂಡಿದ್ದ. ಮೈ ಎತ್ತರಕ್ಕೆ ಬೇಗ ಹೊಂದಿಕೊಳ್ಳಲೆಂದು ಡಾಕ್ಟರು ಬರೆದ ಮಾತ್ರೆ ಕೊಟ್ಟವಳು ಸಬೀನ. ಅವನ ಡಬ್ಬಿಯಲ್ಲಿ ಉಳಿದದ್ದನ್ನು ಪರೀಕ್ಷೆ ಮಾಡಿಸಿದರೆ ಬರೀ ವಿಟಮಿನ್.

"ನಾನು ಸರಿಯಾದ್ದನ್ನೇ ಕೊಟ್ಟಿದ್ದೆ. ಹೋಗೋ ಮುಂಚೆ ಇಲ್ಲೇ ಒಂದೆರಡು ನುಂಗಿ ನೋಡು ಅಂತಲೂ ಹೇಳಿದ್ದೆ."

"ಏಳಿ ಇವ್ರೇ, ಕಾರು ತೆಗೀರಿ," ಎಂದಳು ಚಂದ್ರಮತಿ.

ಅಬ್ದುಸ್ಸಲಾಮರ ಮನೆಯಲ್ಲಿ ಫರಾಝ್ ಜೊತೆ ಬೆಟ್ಟ ಹತ್ತಿದ ಗೆಳೆಯ ಫಹದ್ ಕೂಡ ಇದ್ದ. ಫರಾಝ್‌ನ ತಾಯಿ ಹಾಜರ ಚಹಾ ತಂದು ಮೇಜಿನ ಮೇಲಿಟ್ಟರು. ಚಂದ್ರಮತಿ ಅಲ್ಲೇ ಇದ್ದ ಅವರ ಔಷಧಿ ಬುಟ್ಟಿಯಿಂದ ವಿಟಮಿನ್ ಬಾಟಲಿಯೊಂದನ್ನು ಎತ್ತಿ ನೋಡಿ ಇಟ್ಟಳು.

"ಎಂತ ಹೇಳುದು ಚಂದ್ರಕ್ಕ," ಎಂದರು ಅಬ್ದುಸ್ಸಲಾಮ್. "ಹೋಗ್ಬೇಡ ಅಂತ ಇವಳು ಎಷ್ಟು ಅತ್ತಳು. ಕಡೇ ದಿನ ಊಟಕ್ಕೆ ಕೂತವ, ಕೋಲಾ ಹಾಳಾಗಿದೆ ಅಂತ ತಳ್ಳಿದ. ಅದೇ ಬಾಟ್ಲಿದು ನಾನೂ ಕುಡಿದಿದ್ದೆ, ಚೆನ್ನಾಗೇ ಇತ್ತು. ಎಲ್ಲದಕ್ಕೂ ತಕರಾರು ಅಂತ ಬೈದೆ. ಮಗನಿಗೆ ಆಡಿದ ಕಡೇ ಮಾತು ಅದು."

ಫಹದ್ ಮೊಬೈಲಿನಲ್ಲಿ ವೀಡಿಯೊ ತೋರಿಸಿದ. ಬೆಟ್ಟದ ಚಹಾದಂಗಡಿಯೊಂದರಲ್ಲಿ ಫರಾಝ್ ಕೋಲಾ ಗಟಗಟನೆ ಕುಡಿದು ನಗುತ್ತಿದ್ದ. "ನಂಗೆ ಬೇಡ, ಟೇಸ್ಟೇ ಇಲ್ಲ," ಎಂದು ಫಹದನ ದನಿ ಕೇಳಿಸಿತು.

"ಅವನಿಗೆ ತಲೆನೋವು ಇತ್ತಾ?" ಎಂದು ಚಂದ್ರಮತಿ ಕೇಳಿದಳು.

"ಇತ್ತು ಆಂಟಿ. ಗೈಡ್‌ಗೆ ಹೇಳ್ಬೇಡ, ವಾಪಸ್ ಕಳಿಸ್ತಾನೆ ಅಂದ."

ಚಂದ್ರಮತಿ ಬಾಗಿಲ ಬಳಿ ನಿಂತಿದ್ದ ಸಬೀನಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ನನ್ನ ಕಣ್ಣಿನ ಒತ್ತಡಕ್ಕೆ ಡಾಕ್ಟ್ರು ಫರಾಝ್‌ಗೆ ಬರೆದ ಇದೇ ಮಾತ್ರೆ ಕೊಟ್ಟಿದ್ರು. ತಗೊಳ್ಳುವಷ್ಟು ದಿನ ಗ್ಯಾಸ್ ಇರುವ ಯಾವ ಪಾನೀಯವೂ ಬಾಯಿಗೆ ಹಿಡಿಸುದಿಲ್ಲ. ಸೋಡಾ ಕೆಟ್ಟಿದೆ ಅಂತ ಇವ್ರು ಗ್ರೋಸರಿಯವನ ಹತ್ರ ಜಗಳಕ್ಕೇ ಹೋಗಿದ್ರು."

ಹೌದು, ಹೋಗಿದ್ದರು. ಆದರೆ ನಗುವ ಹೊತ್ತಲ್ಲವೆಂದು ಮೋಹನದಾಸರು ತಲೆ ತಗ್ಗಿಸಿದರು.

"ಇಲ್ಲಿ ಫರಾಝ್‌ಗೆ ಕೋಲಾ ರುಚಿಸ್ಲಿಲ್ಲ. ಅಂದ್ರೆ ಸಬೀನ ಕೊಟ್ಟದ್ದು ಸರಿಯಾದ ಮಾತ್ರೆಯೇ. ಬೆಟ್ಟದಲ್ಲಿ ಅದೇ ಮಾತ್ರೆ ತಗೊಳ್ತಿದ್ದ ಫಹದ್‌ಗೆ ರುಚಿಸ್ಲಿಲ್ಲ, ಫರಾಝ್‌ಗೆ ರುಚಿಸಿತು. ನಡುವೆ ಮಾತ್ರೆ ಬದಲಾಗಿದೆ. ಡಬ್ಬಿಯಲ್ಲಿ ಸಿಕ್ಕಿದ ವಿಟಮಿನ್ ಈ ಬುಟ್ಟಿಯಲ್ಲೂ ಉಂಟು." ಮುಂದೆ ಹೇಳಲು ಅವಳಿಗೆ ಮನಸ್ಸಾಗಲಿಲ್ಲ. "ಫರಾಝ್‌ನ ಬ್ಯಾಗ್ ತುಂಬಿದ್ದು ಯಾರು?"

ಅಬ್ದುಸ್ಸಲಾಮ್ ಮೆಲ್ಲನೆ ಹೆಂಡತಿಯ ಕಡೆ ತಿರುಗಿದರು.

"ನಾನೇ," ಎಂದರು ಹಾಜರ. "ತಲೆನೋವು ಬಂದ್ರೆ ಕೆಳಗೆ ಇಳೀಬೇಕು ಅಂತ ಡಾಕ್ಟ್ರು ಹೇಳಿದ್ರು. ಮಾತ್ರೆ ಇಲ್ಲದಿದ್ರೆ ಬೇಗ ತಲೆ ನೋಯ್ತದೆ, ಮನೆಗೆ ಬರ್ತಾನೆ ಅಂದ್ಕೊಂಡೆ."

ಇಂಥ ಗಳಿಗೆಗಳು ಬಂದಾಗಲೆಲ್ಲ ಮೋಹನದಾಸರಿಗೆ ಈ ಪತ್ತೇದಾರಿಕೆಯೇ ಸಾಕೆನಿಸುತ್ತಿತ್ತು. ಅಬ್ದುಸ್ಸಲಾಮ್ ಸಬೀನಳ ಮುಂದೆ ಕೈ ಮುಗಿದು, "ಮಾಫ್ ಮಾಡು ಮಗಳೇ, ಕೇಸ್ ಇಲ್ಲ," ಎಂದರು.

ಚಂದ್ರಮತಿ ಹಾಜರ ಅವರ ಕೈ ಹಿಡಿದಳು. "ಮಾತ್ರೆ ಇದ್ದಿದ್ರೂ ಉಳೀತಿದ್ದ ಅಂತ ಹೇಳ್ಲಿಕ್ಕಾಗುದಿಲ್ಲ. ನೋವು ಮುಚ್ಚಿಟ್ಟು ಹತ್ತಿದ. ಅದು ನಿಮಗೆ ಹೇಗೆ ಗೊತ್ತಾಗ್ಬೇಕು?"

"ಗೊತ್ತಿತ್ತು," ಎಂದರು ಹಾಜರ. "ಸಣ್ಣವನಿದ್ದಾಗಿಂದ ಎಲ್ಲಿ ನೋವಾದ್ರೂ ನಂಗೆ ಹೇಳಿದವನಲ್ಲ."