ಒಬ್ಬನೇ ವಿದ್ಯಾರ್ಥಿಯ ಕೋರ್ಸು

"ನನಗಿಂತ ಅವನಿಗೆ ಏನಪ್ಪಾ ಹೆಚ್ಚು ಗೊತ್ತು?"

ಮೇಲ್ವಿಚಾರಕರು ಕೇಳಿದ್ದು ಯಾರನ್ನೂ ಅಲ್ಲ. ಕೋಣೆಯಲ್ಲಿ ಬೀರುಗಳ ಹೊರತು ಯಾರೂ ಇರಲಿಲ್ಲ. ಕೈಯಲ್ಲಿ ಬಡ್ತಿಯ ಆದೇಶವಿತ್ತು, ಅವರದ್ದಲ್ಲ. ಟಿಪ್ಪಣಿ ಬರೆಯುವುದನ್ನು ಅವರೇ ಕಲಿಸಿದ್ದ ಕಿರಿಯ ಗುಮಾಸ್ತ ಈಗ ಸಹಾಯಕ ಕುಲಸಚಿವ. ಆ ಹುದ್ದೆಗೆ ಪದವಿಯ ಮೇಲೊಂದು ಸ್ನಾತಕೋತ್ತರ ಪ್ರಮಾಣಪತ್ರ ಬೇಕು. ಅವನ ಬಳಿ ಇತ್ತು, ಇವರ ಬಳಿ ಇರಲಿಲ್ಲ. ಇಪ್ಪತ್ತಾರು ವರ್ಷ ವಿಶ್ವವಿದ್ಯಾಲಯದ ಶೈಕ್ಷಣಿಕ ವಿಭಾಗದಲ್ಲಿ ಕೂತು ಅಂಥ ಕೋರ್ಸುಗಳಿಗೆ ಮಂಜೂರಾತಿ ಕೊಡಿಸಿದವರು, ಅಂಕಪಟ್ಟಿ ತಾಳೆ ನೋಡಿದವರು, ಪ್ರಮಾಣಪತ್ರ ಅಚ್ಚು ಹಾಕಿಸಿದವರು ಇವರೇ. ಊರಿಗೆಲ್ಲ ಬಡಿಸಿದ ಕೈ ತನ್ನ ಖಾಲಿ ತಟ್ಟೆಯ ಮುಂದೆ ಕೂತಿತ್ತು.

"ನಿವೃತ್ತಿಗೆ ಇನ್ನು ನಾಲ್ಕೇ ವರ್ಷ ರೀ," ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ. "ಆ ಕಿಟಕಿಯಿಲ್ಲದ ಗೂಡಲ್ಲೇ ಮುಗಿಸ್ತೀರೋ, ಗಾಳಿ ಬೆಳಕು ಕಾಣ್ತೀರೋ?"

"ಎರಡು ವರ್ಷಕ್ಕೆ ಇನ್ನೊಂದು ಜಾಗ ಖಾಲಿ ಆಗುತ್ತೆ ಕಣೇ. ಅದು ನಂದು."

"ಹೇಗೆ? ಚೀಲ ಹೆಗಲಿಗೆ ಹಾಕ್ಕೊಂಡು ಓದೋಕೆ ಹೋಗ್ತೀರಾ? ಬೇಕಾದ್ರೆ ಚೀಲ ನಾನೇ ಹೊಲಿದು ಕೊಡ್ತೀನಿ!"

ಅವರು ನಗಲಿಲ್ಲ. ತಾವು ತಿದ್ದಿಕೊಟ್ಟ ಪಠ್ಯಕ್ರಮಕ್ಕೆ ತಾವೇ ಹಿಂದಿನ ಬೆಂಚಿನಲ್ಲಿ ಕೂರುವುದೇ? ಆ ಯೋಚನೆಗೇ ಮೈ ಉರಿಯಿತು.

ನಕಲಿ ಪ್ರಮಾಣಪತ್ರ ಮಾಡುವವರು ಮೂರ್ಖರೆಂದು ಅವರಿಗೆ ಗೊತ್ತಿತ್ತು. ಕಾಗದ ಚೆನ್ನಾಗಿರುತ್ತದೆ, ಅದರ ಹಿಂದೆ ಏನೂ ಇರುವುದಿಲ್ಲ. ಕೆದಕಿದ ಕೂಡಲೇ ಬಣ್ಣ ಬಯಲಾಗುತ್ತದೆ. ಇವರು ಕಾಗದದಿಂದ ಆರಂಭಿಸಲಿಲ್ಲ. ಅದರ ಹಿಂದಿರಬೇಕಾದದ್ದನ್ನೆಲ್ಲ ಮೊದಲು ಹುಟ್ಟಿಸಿದರು.

'ಕಡತ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪ್ರಮಾಣಪತ್ರ': ನಾಲ್ಕು ವಿಷಯ, ಎರಡು ವರ್ಷ. ಅಧ್ಯಯನ ಮಂಡಳಿಯ ಮೂವರು ಹಿರಿಯರು ಇವರು ಬೆರಳಿಟ್ಟಲ್ಲಿ ಸಹಿ ಹಾಕುವವರು, ಹಾಕಿದರು. ವಿದ್ಯಾವಿಷಯಕ ಪರಿಷತ್ತಿನ ಸಭೆಯಲ್ಲಿ ಅದನ್ನು ನಲವತ್ತೊಂದನೆಯ ವಿಷಯವಾಗಿಟ್ಟರು. ಊಟದ ನಂತರದ ಹೊತ್ತು. ಅರ್ಧ ಸಭೆ ತೂಕಡಿಸುತ್ತಿತ್ತು, ಇನ್ನರ್ಧ ಮನೆಗೆ ಹೊರಡಲು ಚಪ್ಪಲಿ ಹುಡುಕುತ್ತಿತ್ತು. "ಅನುಮೋದಿಸಲಾಗಿದೆ" ಎಂದು ಬರೆದುಕೊಂಡವರೂ ಇವರೇ. ಬೋಧಕರೆಂದು ಕೈಗೆ ಸಿಕ್ಕಿದ್ದಕ್ಕೆಲ್ಲ ಸಹಿ ಹಾಕುವ ಒಬ್ಬ ಪ್ರಾಧ್ಯಾಪಕರನ್ನು ತೋರಿಸಿದರು. ಆ ಪುಣ್ಯಾತ್ಮ ಎರಡನೆಯ ವರ್ಷದ ಕೊನೆಗೆ ತೀರಿಕೊಂಡಾಗ ಮೇಲ್ವಿಚಾರಕರು ನಿಜವಾಗಿಯೂ ಮರುಗಿದರು, ಆಮೇಲೆ ಹಗುರಾದರು. ಇನ್ನು ಅವರನ್ನು ಯಾರೂ ಏನೂ ಕೇಳುವಂತಿಲ್ಲ.

ದಾಖಲಾದ ವಿದ್ಯಾರ್ಥಿ ಒಬ್ಬನೇ, ಸ್ವತಃ ಮೇಲ್ವಿಚಾರಕರು. ಅವನ ಉತ್ತರಪತ್ರಿಕೆಗಳನ್ನು ಅವರು ಮಧ್ಯಾಹ್ನದ ಬಿಡುವಿನಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಬರೆದರು. ಗೊತ್ತಿದ್ದೂ ಎರಡು ಉತ್ತರ ತಪ್ಪು ಬರೆದರು. ಒಂದು ವಿಷಯದಲ್ಲಿ ಐವತ್ತೆಂಟು ಅಂಕ ಸಾಕೆಂದುಕೊಂಡರು. ಹಾಜರಾತಿ ಸ್ವಲ್ಪ ಕಡಿಮೆ ಬೀಳಿಸಿ, ಅದನ್ನು ಮನ್ನಿಸಬೇಕೆಂಬ ಅರ್ಜಿಯನ್ನೂ ಹಚ್ಚಿದರು. ಕುಂದಿಲ್ಲದ್ದನ್ನು ಯಾರೂ ನಂಬುವುದಿಲ್ಲ. ಕೊನೆಗೆ ವಿದ್ಯಾರ್ಥಿಗಳ ಕೊರತೆಯಿಂದ ಕೋರ್ಸನ್ನು ನಿಲ್ಲಿಸಲಾಗಿದೆ ಎಂಬ ಆದೇಶ ಹೊರಡಿಸಿ, ಹುಟ್ಟಿಸಿದ್ದನ್ನು ವಿಧಿವತ್ತಾಗಿ ಮಣ್ಣು ಮಾಡಿದರು.

ಜಾಗ ಖಾಲಿಯಾಯಿತು. ಅರ್ಜಿ ಹೋಯಿತು. ಒಂದು ಬೆಳಿಗ್ಗೆ ಕುಲಸಚಿವೆ ಕರೆಸಿದರು.

"ಕೂತ್ಕೊಳ್ಳಿ. ನಿಮ್ಮ ಪ್ರಮಾಣಪತ್ರದ ಬಗ್ಗೆ ಒಂದು ಮೂಗರ್ಜಿ ಬಂದಿತ್ತು," ಎಂದರು.

ಮೇಲ್ವಿಚಾರಕರು ಕುರ್ಚಿಗೆ ಆರಾಮವಾಗಿ ಒರಗಿದರು. "ತನಿಖೆ ಮಾಡಿಸಿ ಮೇಡಂ."

"ಮಾಡಿಸ್ದೆ. ಮಂಡಳಿ, ಪರಿಷತ್ತು, ದಾಖಲಾತಿ, ಉತ್ತರಪತ್ರಿಕೆ, ಎಲ್ಲಾ ಇದೆ. ಇಷ್ಟು ಅಚ್ಚುಕಟ್ಟಾದ ಕಡತ ನಾನು ನೋಡೇ ಇಲ್ಲ. ಅಂದ್ರೆ ಆ ಎರಡು ವರ್ಷ ನೀವು ನಮ್ಮ ವಿದ್ಯಾರ್ಥಿ. ಹೌದು ತಾನೆ?"

"ಹೌದು ಮೇಡಂ." ಆ ಎರಡು ಮಾತು ನಾಲಿಗೆಗೆ ಜೇನಿನಂತಿತ್ತು.

"ಬರವಣಿಗೆಯಲ್ಲಿ ಕೊಡಿ."

ಕೊಟ್ಟರು, ತಾರೀಖು ಸಮೇತ. ಕುಲಸಚಿವೆ ಅದರ ಪಕ್ಕದಲ್ಲಿ ಇವರ ಸೇವಾ ಕಡತದಿಂದ ಅದೇ ಎರಡು ವರ್ಷಗಳ ಎರಡು ಹಾಳೆ ತೆಗೆದಿಟ್ಟರು. ಅಂಕಪಟ್ಟಿ ಮುಟ್ಟುವ ಪ್ರತಿಯೊಬ್ಬ ನೌಕರನೂ ವರ್ಷಕ್ಕೊಮ್ಮೆ ಬರೆದುಕೊಡುವ ಘೋಷಣೆ ಅದು: 'ನಾನಾಗಲಿ ನನ್ನ ಮನೆಯವರಾಗಲಿ ಈ ವಿಶ್ವವಿದ್ಯಾಲಯದ ವಿದ್ಯಾರ್ಥಿಯಲ್ಲ. ಇದು ಸುಳ್ಳಾದರೆ ವಜಾಕ್ಕೆ ಬದ್ಧ.' ವಿಭಾಗದ ಮೂವತ್ತೇಳು ಜನರಿಂದ ಇದನ್ನು ಗದರಿಸಿ ಸಹಿ ಹಾಕಿಸುತ್ತಿದ್ದವರು, ಮಾದರಿಗೆಂದು ಎಲ್ಲರಿಗಿಂತ ಮೊದಲು ತಮ್ಮದನ್ನು ಓದದೆ ಗೀಚುತ್ತಿದ್ದವರು ಅವರೇ. ಕೋರ್ಸು ನಿಜವೆಂದರೆ ಘೋಷಣೆ ಸುಳ್ಳು, ಕೆಲಸ ಹೋಯಿತು. ಘೋಷಣೆ ನಿಜವೆಂದರೆ ಕೋರ್ಸು ಸುಳ್ಳು, ಜೈಲು. ಎರಡರ ಕೆಳಗೂ ಅದೇ ದುಂಡನೆಯ ಸಹಿ. ಅವರು ಕೈ ಚಾಚಿದರು. "ಈಗ ಬರೆದುಕೊಟ್ಟ ಹಾಳೆ ಒಂದನ್ನ ವಾಪಸ್ ಕೊಟ್ಬಿಡಿ ಮೇಡಂ. ಬಡ್ತಿಯೂ ಬೇಡ, ಏನೂ ಬೇಡ." ಕುಲಸಚಿವೆ ಮೂರೂ ಹಾಳೆಗಳನ್ನು ಒಟ್ಟು ಮಾಡಿ ಪಿನ್ನು ಹಾಕಿದರು. "ಕೊಡೋದಿಲ್ಲ," ಎಂದರು.