ಅಮ್ಮನಿಗೆ ಹೆದರಿ ಹಚ್ಚಿದ ಲಿಪ್‌ಸ್ಟಿಕ್?

"ಸಾಕು, ನಿಲ್ಸು!"

ಮೈಕಿನ ಮುಂದಿದ್ದವನು ಬೆಚ್ಚಿ ತಲೆಯೆತ್ತಿದ. ಸೆಮಿನಾರ್ ಹಾಲಿನ ಹಿಂದಿನ ಸಾಲಿನಲ್ಲಿ ಅವಳು ಎದ್ದು ನಿಂತಿದ್ದಳು. ಎರಡು ವರ್ಷದಿಂದ ಅವನ ಗೆಳತಿ... ಮನಸ್ಸಿನಲ್ಲಿದ್ದದ್ದನ್ನು ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಕಾಲೇಜಿನ ಮುಸ್ಲಿಂ ಹುಡುಗಿಯರು ಹಲಾಲ್, ಅಂದರೆ ಧರ್ಮ ನಿಷೇಧಿಸಿದ ಕೊಬ್ಬು ಬೆರೆಸದ ಲಿಪ್‌ಸ್ಟಿಕ್, ಕ್ರೀಮುಗಳನ್ನೇ ಯಾಕೆ ಹುಡುಕಿ ಕೊಳ್ಳುತ್ತಾರೆ? ಇದು ಅವನ ಪ್ರಬಂಧದ ವಿಷಯ. ಹುಡುಗಿಯರನ್ನೆಲ್ಲ ಮಾತಾಡಿಸಿ ಬಂದಿದ್ದ. ಎಲ್ಲ ಸರಿಯಾಗೇ ನಡೆದಿತ್ತು, ಮಹಾಶಯ ಉದಾಹರಣೆ ಕೊಡುವವರೆಗೆ.

"ಮುಖ್ಯ ಕಾರಣ ಮನೆಯವರ ಭಯ. ನನ್ನ ಗೆಳತಿ ಒಬ್ಬಳ ತಾಯಿ ಟೈಲರ್. ತುಂಬಾ ಸ್ಟ್ರಿಕ್ಟ್. ಪಾಪ, ಅಮ್ಮನಿಗೆ ಹೆದರಿ..."

ಪಾಪವಂತೆ! ಅವಳ ಮೈಯೆಲ್ಲ ಉರಿದುಹೋಯಿತು.

"ನಮ್ಮಮ್ಮ ಸ್ಟ್ರಿಕ್ಟ್ ಅಂತ ನಿನಗೆ ಯಾರು ಹೇಳಿದ್ರು?"

"ಮನೆಗೆ ಬಂದಾಗ ದುರುಗುಟ್ಟಿ ನೋಡಿದ್ರು... ಒಂದು ಮಾತೂ ಆಡ್ಲಿಲ್ಲ..."

"ಬಾಯಲ್ಲಿ ಗುಂಡುಸೂಜಿ ಕಚ್ಕೊಂಡು ಬ್ಲೌಸ್ ಹೊಲಿಯೋರು ಹೇಗಪ್ಪಾ ಮಾತಾಡ್ತಾರೆ?"

ಹಾಲ್ ಗೊಳ್ಳೆಂದಿತು. ಅವಳು ನಗಲಿಲ್ಲ.

"ಲಿಪ್‌ಸ್ಟಿಕ್‌ನಲ್ಲಿ ಯಾವ ಕೊಬ್ಬಿರುತ್ತೋ ಅಂತ ಅನುಮಾನ ಬಂದ ಮೇಲೆ ಅಮ್ಮ ಬಣ್ಣ ಮುಟ್ಟಿರ್ಲಿಲ್ಲ. ಎಷ್ಟು ಆಸೆ ಇತ್ತು ಗೊತ್ತಾ? ಹಲಾಲ್ ಅಂತ ಇದೆ ಅಂತ ಹುಡುಕಿ ತಂದೋಳು ನಾನು! ಅಮ್ಮನ ತುಟಿಗೆ ಹಚ್ಚಿದೋಳೂ ನಾನೇ! ಕನ್ನಡಿ ನೋಡಿ ಅಮ್ಮ ನಾಚ್ಕೊಂಡು ನಕ್ಕಿದ್ದು..."

ಅವಳು ಅಷ್ಟಕ್ಕೇ ಬಿಡಲಿಲ್ಲ.

"ಎಲ್ಲರನ್ನೂ 'ಯಾರು ಹೇಳಿದ್ದಕ್ಕೆ ಹಚ್ತೀರಾ' ಅಂತ ಕೇಳ್ದೆ. ನಿನಗೇನು ಬೇಕು ಅಂತ ಒಬ್ಬಳನ್ನಾದ್ರೂ ಕೇಳಿದ್ಯಾ? ನಮಗೆ ನಮ್ಮದೇ ಬುದ್ಧಿ ಇರೋದೇ ಇಲ್ವಾ?"

ಬ್ಯಾಗ್ ಎತ್ತಿಕೊಂಡು ದಡದಡನೆ ಹೊರಗೆ ಬಂದುಬಿಟ್ಟಳು.

'ನನ್ನ ಅರ್ಥ ಮಾಡ್ಕೊಂಡೋನು ಅಂದ್ಕೊಂಡಿದ್ನಲ್ಲ... ಇವನಿಗೂ ನಾನು ಪಾಪದ ಹುಡುಗಿಯೇನಾ?'

ಕಣ್ಣೀರು ಸಿಟ್ಟಿನದೋ ದುಃಖದ್ದೋ ಅವಳಿಗೇ ತಿಳಿಯಲಿಲ್ಲ. ಆಗ ಒಳಗಿಂದ ಮೈಕಿನಲ್ಲಿ ಅವನ ದನಿ ಕೇಳಿಸಿತು.

"ನಾನು ಹೇಳಿದ್ದು ತಪ್ಪು. ಒಬ್ಬ ತಾಯಿಯನ್ನ ವಿಚಾರಿಸದೆ ಅವಮಾನ ಮಾಡ್ದೆ. ನನ್ನ ಪ್ರಶ್ನೆಗಳೇ ಸರಿ ಇರ್ಲಿಲ್ಲ ಸರ್. ಈ ಪ್ರಬಂಧ ವಾಪಸ್ ತಗೋತೀನಿ... ಮಾರ್ಕ್ಸ್ ಕೊಡಬೇಡಿ."

ಮರುಕ್ಷಣ ಏದುಸಿರು ಬಿಡುತ್ತಾ ಎದುರಿಗೆ ನಿಂತಿದ್ದ.

"ನಿಮ್ಮಮ್ಮನ ಹತ್ರ ಬಂದು ಕ್ಷಮೆ ಕೇಳ್ತೀನಿ."

"ಕೇಳಲೇಬೇಕು!"

"ಇನ್ಮೇಲೆ ನಿನ್ನ ಮನಸ್ಸಲ್ಲಿ ಏನಿದೆ ಅಂತ ನಾನಾಗೇ ತೀರ್ಮಾನ ಮಾಡಲ್ಲ. ನಿನ್ನನ್ನೇ ಕೇಳ್ತೀನಿ. ಈಗ್ಲೇ ಒಂದು ಕೇಳ್ಲಾ?"

"ಏನು?"

"ನಾನು ನಿನ್ನ ತುಂಬಾ ಪ್ರೀತಿಸ್ತೀನಿ... ನಿನಗೆ ನಾನು ಇಷ್ಟಾನಾ?"

ಅವಳು ಬೇಕೆಂದೇ ಬ್ಯಾಗಿನಲ್ಲಿ ಏನೋ ಹುಡುಕುತ್ತಾ ಸತಾಯಿಸಿದಳು. ಅವನ ಮುಖ ಸಣ್ಣದಾಯಿತು.

"ಇಷ್ಟ" ಎಂದಳು ಕಣ್ಣೊರೆಸಿಕೊಂಡು. "ಬರ್ಕೋ... ಯಾರಿಗೂ ಹೆದರಿ ಅಲ್ಲ!"